ಪದ್ಯ ಅದೇ, ವೇಷ ಬೇರೆ

ಧಾರಾವಾಹಿ ನೋಡುವಾಗ ನಮ್ಮಮ್ಮನ ಕೈ ಸುಮ್ಮನಿರುವುದಿಲ್ಲ. ಮರುದಿನದ ಪೂಜೆಗೆಂದು ಬಾಳೆನಾರಿನಲ್ಲಿ ಹೂ ಕಟ್ಟುತ್ತಿರುತ್ತಾಳೆ. ಕಣ್ಣು ಟೀವಿಯ ಕಡೆಗಿದ್ದರೆ ಬೆರಳುಗಳು ತಮ್ಮ ಪಾಡಿಗೆ ತಾವು ಗಂಟು ಹಾಕುತ್ತಿರುತ್ತವೆ. ಬೆಳಿಗ್ಗೆ ಮಾಲೆ ಎಲ್ಲಾದರೂ ಸಡಿಲವಾಗಿ ಕಂಡರೆ ಹಿಂದಿನ ರಾತ್ರಿಯ ಸಂಚಿಕೆಯಲ್ಲಿ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. 2022ರಲ್ಲಿ, ಗಣೇಶನ ಹಬ್ಬ ಕಳೆದ ಮೇಲಿನ ಒಂದು ರಾತ್ರಿ, ಮಾಲೆ ಅರ್ಧಕ್ಕೇ ನಿಂತುಬಿಟ್ಟಿತು. ನಾರು ಮಡಿಲಲ್ಲಿ ಬಿದ್ದಿತ್ತು. ಅಮ್ಮ ಟೀವಿಯತ್ತ ಬೆರಳು ತೋರಿಸಿ ಕೇಳಿದಳು: “ಇವನು ಯಾರು ಮಾರಾಯ? ನಮ್ಮ ಆರ್ಯ ಎಲ್ಲಿ ಹೋದ?”

ಜೀ ಕನ್ನಡದ ‘ಜೊತೆ ಜೊತೆಯಲಿ’ ನೋಡಿದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ನೋಡದವರಿಗಾಗಿ ಎರಡು ಮಾತು. ನಲವತ್ತು ದಾಟಿದ ಶ್ರೀಮಂತ ಉದ್ಯಮಿ ಆರ್ಯವರ್ಧನ್, ಇಪ್ಪತ್ತರ ಆಸುಪಾಸಿನ ಮಧ್ಯಮ ವರ್ಗದ ಹುಡುಗಿ ಅನು ಸಿರಿಮನೆ, ಇವರಿಬ್ಬರ ಪ್ರೀತಿ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ಕಥೆ. ಆರ್ಯನಾಗಿ ಅನಿರುದ್ಧ ಜತಕರ, ಅನು ಆಗಿ ಮೇಘಾ ಶೆಟ್ಟಿ, ನಿರ್ದೇಶನ ಆರೂರು ಜಗದೀಶ್ ಅವರದು. 2022ರ ಆಗಸ್ಟಿನಲ್ಲಿ ನಾಯಕನಟನಿಗೂ ತಂಡಕ್ಕೂ ಭಿನ್ನಾಭಿಪ್ರಾಯ ಬಂದು ಅನಿರುದ್ಧ ಧಾರಾವಾಹಿಯಿಂದ ದೂರವಾದರು. ಯಾರದು ಸರಿ ಯಾರದು ತಪ್ಪು ಎಂಬ ಪಂಚಾಯಿತಿ ಇಲ್ಲಿ ಬೇಡ. ನಟ ಹೋದ ಮೇಲೆ ಕಥೆ ಏನು ಮಾಡಿತು ಎಂಬುದಷ್ಟೇ ನನ್ನ ತಕರಾರು.

ಕಥೆ ಮಾಡಿದ್ದಿಷ್ಟು. ಆರ್ಯನಿಗೆ ಅಪಘಾತವಾಯಿತು. ಪ್ಲಾಸ್ಟಿಕ್ ಸರ್ಜರಿಯಾಗಿ ಮುಖ ಬೇರೆಯಾಯಿತು. ಆ ಹೊಸ ಮುಖ ಹರೀಶ್ ರಾಜ್ ಅವರದು. ಅದರ ಜೊತೆಗೆ ಅವನ ನೆನಪೂ ಹೋಯಿತು, ಹೆಸರೂ ಸಂಜು ಎಂದಾಯಿತು. ಅನು ಮಾತ್ರ ಗಂಡ ಸತ್ತನೆಂದು ಅಳುತ್ತ ಕೂತಳು.

ನಾನು ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವಳು ನಾರನ್ನು ಮತ್ತೆ ಕೈಗೆತ್ತಿಕೊಂಡು, ಒಂದು ಸೇವಂತಿಗೆ ಸೇರಿಸಿ, ಗಂಟು ಬಿಗಿದು ಹೇಳಿದ್ದು ಈಗಲೂ ನೆನಪಿದೆ. “ಮುಖ ಬೇರೆ ಆಗ್ಲಿ. ಪಾಪ, ಆ ನಟ ಬಿಟ್ಟ, ಇನ್ನೊಬ್ಬ ಬಂದ. ಆದ್ರೆ ನೆನಪು ಯಾಕೆ ಹೋಗ್ಬೇಕಿತ್ತು?”

ಧಾರಾವಾಹಿಗಳ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಹರಿತವಾದ ಪ್ರಶ್ನೆ ಕಂಡಿಲ್ಲ. ಯೋಚಿಸಿ ನೋಡಿ. ಮುಖ ಹೋಯಿತು, ದನಿ ಹೋಯಿತು, ನಡೆಯುವ ರೀತಿ ಹೋಯಿತು. ಇವೆಲ್ಲ ನಟನ ಜೊತೆ ಹೋಗಲೇಬೇಕಾದವು, ಯಾರೂ ತಡೆಯಲಾರರು. ನೆನಪು ಮಾತ್ರ ನಟನದಲ್ಲ, ಪಾತ್ರದ್ದು. ಅನುವನ್ನು ಮೊದಲು ಕಂಡ ದಿನ, ಮಾವ ಸುಬ್ಬುವಿನ ಮುಂದೆ ಹುಡುಗಿ ಕೇಳಲು ನಿಂತ ಗಳಿಗೆ ಇವೆಲ್ಲ ಬರೆದವರ ಕೈಯಲ್ಲಿದ್ದ ಆಸ್ತಿ. ಹೊಸ ನಟನ ಬಾಯಲ್ಲಿ ಆ ನೆನಪಿನ ಎರಡು ಮಾತು ಬಂದಿದ್ದರೆ ಸಾಕಿತ್ತು, ಅಮ್ಮ ಒಂದು ವಾರದಲ್ಲಿ ಅವರನ್ನು ಆರ್ಯ ಎನ್ನುತ್ತಿದ್ದಳು. ನಟನ ಜೊತೆ ಹೋಗದೆ ಉಳಿದಿದ್ದ ಒಂದೇ ಒಂದನ್ನೂ ಕಥೆಯೇ ಕೈಯಾರೆ ಎಸೆಯಿತು. ಮುಖವಿಲ್ಲ, ದನಿಯಿಲ್ಲ, ನೆನಪಿಲ್ಲ, ಕೊನೆಗೆ ಹೆಸರೂ ಇಲ್ಲ. ಆಮೇಲೆ ‘ಇವನೇ ಆರ್ಯ’ ಎಂದರೆ ಯಾವ ಆಧಾರದ ಮೇಲೆ ನಂಬುವುದು?

ಹರೀಶ್ ರಾಜ್ ಸಿನಿಮಾ, ಕಿರುತೆರೆ ಎರಡರಲ್ಲೂ ಪಳಗಿದ ನಟ. ಅವರ ಮೇಲೆ ನನ್ನ ದೂರಿಲ್ಲ. ತಾನು ಯಾರೆಂದು ತನಗೇ ಗೊತ್ತಿಲ್ಲದ, ಆದರೆ ನೋಡುವ ಲಕ್ಷಾಂತರ ಜನರಿಗೆಲ್ಲ ಗೊತ್ತಿರುವ ಮನುಷ್ಯನನ್ನು ದಿನಾ ಅರ್ಧ ಗಂಟೆ ಅಭಿನಯಿಸುವುದು ಶಿಕ್ಷೆಯೇ ಸೈ.

ಪಾತ್ರಧಾರಿ ಬದಲಾದರೆ ನೋಡುಗರು ಒಪ್ಪುವುದಿಲ್ಲ, ಅದಕ್ಕೇ ಈ ಸರ್ಜರಿ, ಈ ಮರೆವು ಎಲ್ಲ ಬೇಕಾಗುತ್ತದೆ ಎಂದು ಧಾರಾವಾಹಿಯವರು ಹೇಳುವುದುಂಟು. ಇದನ್ನು ನಾನು ಸುತರಾಂ ಒಪ್ಪುವುದಿಲ್ಲ. ಯಾಕೆ ಎಂದರೆ ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ, ಯಕ್ಷಗಾನದ ಆಟ ನೋಡುತ್ತ.

ನನಗಾಗ ಹತ್ತು ವರ್ಷವಿರಬೇಕು. ಊರಿನ ಗದ್ದೆಯಲ್ಲಿ ಹರಕೆಯ ಆಟ. ದೊಡ್ಡಪ್ಪ ಆಟದ ಹುಚ್ಚಿನವರು, ಬಣ್ಣ ಹಚ್ಚುವ ಚೌಕಿಗೆ ಹೋಗಿ ವೇಷಧಾರಿಗಳನ್ನು ಮಾತಾಡಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕಂಬಳಿ ಹಾಸಿ ಕೂರುವವರು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ನಿದ್ದೆ ಹೋಗುವಾಗ ರಂಗದ ಮೇಲಿದ್ದ ಕೌರವ ಎತ್ತರದ ಆಳು, ದನಿ ಗುಡುಗಿನಂತೆ. ಚಂಡೆಯ ಸದ್ದಿಗೆ ಎಚ್ಚರವಾದಾಗ ಬೆಳಗಿನ ಜಾವ, ಚಳಿ, ಮುಂದೆ ನಿಂತ ಕೌರವ ಗಿಡ್ಡ, ದನಿ ಒಡೆದದ್ದು. “ದೊಡ್ಡಪ್ಪ, ಇವನು ಕೌರವ ಅಲ್ಲ,” ಎಂದೆ. ಅವರು ಎಲೆಯಡಿಕೆ ಬಾಯಲ್ಲಿ ಇಟ್ಟುಕೊಂಡೇ ಹೇಳಿದರು: “ಕೌರವ ಅವನೇ. ವೇಷ ಮಾಡಿದವ ಬೇರೆ. ಪದ್ಯ ಕೇಳು.”

ಪದ್ಯ ಕೇಳಿದೆ. ಭಾಗವತರು ಹಾಡುತ್ತಿದ್ದದ್ದು ಅದೇ ಕೌರವನ ಅದೇ ಅಳಲು. ಎರಡು ಪದ್ಯ ಮುಗಿಯುವಷ್ಟರಲ್ಲಿ ಆ ಗಿಡ್ಡ ಮನುಷ್ಯನೇ ನನ್ನ ಕೌರವನಾಗಿದ್ದ. ಎತ್ತರದವನ ನೆನಪೂ ಆಗಲಿಲ್ಲ.

ಒಂದೇ ಪಾತ್ರವನ್ನು ರಾತ್ರಿಯ ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು ಮಾಡುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ತಾಳಮದ್ದಲೆಯಲ್ಲಂತೂ ಕರಪತ್ರದಲ್ಲೇ ಅಚ್ಚು ಹಾಕಿರುತ್ತಾರೆ, ಕರ್ಣ ಒಂದು ಇಂಥವರು, ಕರ್ಣ ಎರಡು ಇಂಥವರು ಎಂದು. ಅಲ್ಲಿ ವೇಷವೂ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು, ಕನ್ನಡಕ ಹಾಕಿಕೊಂಡು ಕೂತ ಅರವತ್ತರ ಮೇಷ್ಟ್ರು ‘ಅಪ್ಪನ ಮನೆಗೆ ಹೋಗುತ್ತೇನೆ, ಕಳಿಸಿಕೊಡು’ ಎಂದು ಶಿವನನ್ನು ಬೇಡುವ ದಾಕ್ಷಾಯಿಣಿ. ಎದುರಿನವರ ಕಣ್ಣಲ್ಲಿ ನೀರು. ಹೀಗೆ ನಂಬುವ ಜನ, ನಟ ಬದಲಾದ ಮಾತ್ರಕ್ಕೆ ಕೈಬಿಟ್ಟುಬಿಡುತ್ತಾರೆ ಎಂದರೆ ಹೇಗೆ? ಅಷ್ಟೇಕೆ, 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ ‘ಮಹಾಭಾರತ’ದಲ್ಲಿ ತುಟಿಗೂ ಮಾತಿಗೂ ತಾಳಮೇಳವಿರಲಿಲ್ಲ. ಅದನ್ನೂ ಮನೆಮಂದಿಯೆಲ್ಲ ಕೂತು ನೋಡಿದೆವು. ನೋಡುಗ ಉದಾರಿ. ಅವನ ಉದಾರತನದ ಅಂದಾಜು ಸಿಗದಿರುವುದು ಬರೆಯುವವರಿಗೆ.

ಆದರೂ ಒಂದು ಮಾತು ಒಪ್ಪಬೇಕು. ಆಟದ ಕೌರವನ ಬೆನ್ನಿಗೆ ಪದ್ಯವಿದೆ. ಪ್ರಸಂಗ ಯಾರೋ ಎಂದೋ ಬರೆದಿಟ್ಟದ್ದು, ವೇಷಧಾರಿ ಹುಟ್ಟುವ ಮೊದಲೇ ಕೌರವ ಏನಾಗಬೇಕೋ ತೀರ್ಮಾನವಾಗಿದೆ. ಧಾರಾವಾಹಿಯ ಆರ್ಯನಿಗೆ ಅಂಥ ಪದ್ಯವಿಲ್ಲ. ಇವತ್ತು ಸೆಟ್ಟಿಗೆ ಬಂದ ಡೈಲಾಗ್ ಹಾಳೆ ನಿನ್ನೆ ರಾತ್ರಿ ಬರೆದದ್ದು. ಕೈಯಲ್ಲಿ ಬ್ಯಾಂಕಿಂಗ್ ಎಂದು ಕೆಲವೇ ದಿನಗಳ ಸಂಚಿಕೆ ಇರುತ್ತದೆ. ಗುರುವಾರ ಬಾರ್ಕ್‌ನ ಟಿಆರ್‌ಪಿ ಅಂಕಿ ಬರುತ್ತದೆ, ಯಾವ ಟ್ರ್ಯಾಕ್ ಓಡಿತು, ಯಾವುದು ಬಿತ್ತು ಎಂದು ನೋಡಿ ಮುಂದಿನ ವಾರದ ಕಥೆ ತಿರುಗುತ್ತದೆ. ಪ್ರಧಾನ ನಿರ್ದೇಶಕರು ಒಬ್ಬರು, ಸಂಚಿಕೆ ನಿರ್ದೇಶಕರು ಇನ್ನೊಬ್ಬರು, ಕಥೆ ಒಂದು ಕಡೆ, ಚಿತ್ರಕಥೆ ಒಂದು ಕಡೆ, ಸಂಭಾಷಣೆ ಮತ್ತೊಂದು ಕಡೆ. ಇಷ್ಟು ಕೈಗಳ ನಡುವೆ ಪಾತ್ರವನ್ನು ಒಂದೇ ಹದದಲ್ಲಿ ಹಿಡಿದಿಟ್ಟುಕೊಂಡು ಬರುವವರು ಯಾರು? ನಟ. ಅವನ ಕಾಲರ್ ಸರಿಮಾಡಿಕೊಳ್ಳುವ ರೂಢಿ, ಮಾತಿನ ಮೊದಲು ಒಂದು ಕ್ಷಣ ತಡೆಯುವ ಚಾಳಿ. ಬರೆಯುವವರು ಅದನ್ನು ನೋಡಿ ನೋಡಿ ಅದಕ್ಕೆ ತಕ್ಕ ಮಾತು ಬರೆಯತೊಡಗುತ್ತಾರೆ. ಅನು ಮದುವೆಯಾದ ಮೇಲೂ ‘ಆರ್ಯ ಸರ್’ ಎನ್ನುವುದು, ಆ ಕರಿ ಬಿಳಿ ಬೆರೆತ ಕೂದಲು, ಇವೆಲ್ಲ ಬರಬರುತ್ತ ನಟನ ಮೈಮೇಲೆ ಬೆಳೆದ ಪಾತ್ರದ ಗುರುತುಗಳು. ಹೀಗಾಗಿ ನಟ ಎದ್ದು ಹೋದಾಗ ಪಾತ್ರದ ಅರ್ಧ ಮೈಯೂ ಅವನ ಜೊತೆಗೇ ಎದ್ದು ಹೋಗುತ್ತದೆ. ಬರೆದವರ ಕಪಾಟಿನಲ್ಲಿ ಹುಡುಕಿದರೆ ಅಲ್ಲಿ ಪಾತ್ರದ ನಕಲು ಪ್ರತಿ ಇರುವುದಿಲ್ಲ.

ಗಾಬರಿ ಹುಟ್ಟುವುದು ಆಗ. ಗಾಬರಿಯಲ್ಲಿ ಹುಟ್ಟಿದ ಉಪಾಯಗಳೆಲ್ಲ ನಮಗೆ ಬಾಯಿಪಾಠ. ಮೊದಲು ಪಾತ್ರ ‘ಕೆಲಸದ ಮೇಲೆ ಡೆಲ್ಲಿಗೆ’ ಹೋಗುತ್ತದೆ. ಮನೆಯವರು ಫೋನಿನಲ್ಲಿ ಮಾತಾಡುತ್ತಾರೆ, ಆ ಕಡೆಯ ದನಿ ನಮಗೆ ಕೇಳುವುದಿಲ್ಲ. ನಡುವೆ ಒಮ್ಮೆ ಬೆನ್ನು ಮಾತ್ರ ಕಾಣುತ್ತದೆ, ಆ ಬೆನ್ನು ಡೂಪ್‌ನದು ಎಂದು ಮನೆಯ ಮಕ್ಕಳೂ ಹೇಳುತ್ತಾರೆ. ಡೆಲ್ಲಿ ತುಂಬ ಉದ್ದವಾದರೆ ಅಮೆರಿಕ. ಅದೂ ಸಾಲದಾದರೆ ಗೋಡೆಗೆ ಹಾರ ಹಾಕಿದ ಫೋಟೋ, ಮುಂದೆ ಮಿಣುಕುವ ಸೀರಿಯಲ್ ಬಲ್ಬು. ಕೆಲವೊಮ್ಮೆ ಮಾತ್ರ ಯಾರೋ ಧೈರ್ಯ ಮಾಡಿ, ‘ಇಂದಿನಿಂದ ಈ ಪಾತ್ರದಲ್ಲಿ ಇಂಥವರು’ ಎಂದು ತೆರೆಯ ಮೇಲೆ ಒಂದು ಸಾಲು ಬರೆದು ಮುಂದುವರಿಯುತ್ತಾರೆ. ನನ್ನ ಓಟು ಆ ಒಂದು ಸಾಲಿಗೆ. ಅದರಲ್ಲಿ ಸುಳ್ಳಿಲ್ಲ. ಇದು ನಾಟಕ, ನೀವು ನೋಡುವವರು, ನಾವು ಆಡುವವರು ಎಂಬ ಹಳೇ ಒಪ್ಪಂದ ಅದರಲ್ಲಿದೆ.

ಇನ್ನೊಂದು ಅಡ್ಡಮಾತು. ‘ಜೊತೆ ಜೊತೆಯಲಿ’ಗೆ ಪದ್ಯವೇ ಇರಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಅದು ಮರಾಠಿಯ ‘ತುಲಾ ಪಾಹತೆ ರೆ’ಯ ರೀಮೇಕು. 2018ರ ಆಗಸ್ಟಿನಲ್ಲಿ ಶುರುವಾಗಿ ಮರುವರ್ಷ ಜುಲೈನಲ್ಲಿ ಮುಗಿದ ಕಥೆ. ಒಂದು ವರ್ಷಕ್ಕೂ ಕಡಿಮೆ. ಸುಬೋಧ್ ಭಾವೆ ಮಾಡಿದ ಅಲ್ಲಿನ ನಾಯಕ ಕೊನೆಗೆ ನಾಯಕನಲ್ಲ ಎಂದು ತಿಳಿಯುವ ಆಘಾತವೇ ಆ ಕಥೆಯ ಬೆನ್ನೆಲುಬು. ಕನ್ನಡದ್ದು 2023ರ ಮೇವರೆಗೆ, ಮೂರೂವರೆ ವರ್ಷ ದಾಟಿ ಓಡಿತು. ಒಂದು ವರ್ಷದ ಬಟ್ಟೆಯಲ್ಲಿ ಮೂರೂವರೆ ವರ್ಷದ ಅಂಗಿ ಹೊಲಿಯಲು ಹೊರಟರೆ ತೇಪೆ ಹಾಕಲೇಬೇಕು. ನಟ ಬದಲಾದದ್ದು ಆ ತೇಪೆಗಳಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು, ಅಷ್ಟೇ.

ಮರೆವಿನ ರೋಗಕ್ಕೆ ಕಿರುತೆರೆಯಲ್ಲಿ ದೊಡ್ಡ ವಂಶಾವಳಿಯೇ ಇದೆ. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ನೆನಪಿದೆಯಲ್ಲ? ತುಳಸಿಯಾಗಿ ಸ್ಮೃತಿ ಇರಾನಿ, ಅವಳ ಗಂಡ ಮಿಹಿರ್ ಆಗಿ ಅಮರ್ ಉಪಾಧ್ಯಾಯ. ಮರುವರ್ಷ ಮಿಹಿರ್ ಸತ್ತ. ದೇಶದ ತುಂಬ ಗೋಳಾಟ. ಜನ ಪತ್ರ ಬರೆದರು, ಫೋನು ಮಾಡಿದರು. ನೋಡುಗರ ಒತ್ತಡಕ್ಕೆ ಮಿಹಿರ್ ಬದುಕಿ ಬಂದ, ಬರುವಾಗ ನೆನಪು ಕಳೆದುಕೊಂಡು ಬಂದ. ತಮಾಷೆ ಎಂದರೆ ಇದರ ಮುಂದಿನದು. ಸ್ವಲ್ಪ ಕಾಲಕ್ಕೆ ಅಮರ್ ಉಪಾಧ್ಯಾಯ ಹೋಗಿ ಇಂದರ್ ಕುಮಾರ್ ಮಿಹಿರ್ ಆದರು. ಅವರೂ ಹೋಗಿ ರೋನಿತ್ ರಾಯ್ ಮಿಹಿರ್ ಆದರು. ಆಗ ಯಾರ ಮನೆಯಲ್ಲೂ ಆ ಪರಿಯ ಗೋಳಾಟ ಆಗಲಿಲ್ಲ. ಮಿಹಿರ್ ಸತ್ತಾಗ ಅತ್ತವರು ಮಿಹಿರನ ಮುಖ ಎರಡು ಸಲ ಬದಲಾದಾಗ ಊಟ ಮಾಡಿ ಮಲಗಿದರು. ತುಳಸಿಯೂ 2007ರಲ್ಲಿ ಗೌತಮಿ ಕಪೂರ್ ಆದಳು, ಮುಗಿಯುವ ಹೊತ್ತಿಗೆ ಮತ್ತೆ ಸ್ಮೃತಿ ಇರಾನಿಯೇ ಬಂದರು. ಮನೆ ಅದೇ, ಅತ್ತೆ ಅದೇ, ಸೊಸೆಯ ಮೇಲಿನ ಸಿಟ್ಟೂ ಅದೇ. ಜನಕ್ಕೆ ಅಷ್ಟು ಸಾಕಿತ್ತು.

ಇದೇ ಕಷ್ಟವನ್ನು ಬೇರೊಂದು ದೇಶದವರು ಹೇಗೆ ದಾಟಿದರು ನೋಡಿ. ಬಿಬಿಸಿಯ ‘ಡಾಕ್ಟರ್ ಹೂ’ 1963ರಲ್ಲಿ ಶುರುವಾದದ್ದು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ, ಬೇರೆ ಗ್ರಹದ ಒಬ್ಬ ಡಾಕ್ಟರನ ಕಥೆ. ಮೂರು ವರ್ಷಕ್ಕೆ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು. 1966ರಲ್ಲಿ ಅವರ ಜಾಗಕ್ಕೆ ಪ್ಯಾಟ್ರಿಕ್ ಟ್ರೌಟನ್ ಬಂದರು. ಬರೆಯುವವರು ಹೂಡಿದ ಉಪಾಯ ಸರಳ: ಈ ಡಾಕ್ಟರ್ ನಮ್ಮ ನಿಮ್ಮ ಹಾಗಲ್ಲ, ಸಾಯುವ ಹೊತ್ತಿಗೆ ಅವನ ಮೈ ಹೊಸದಾಗುತ್ತದೆ. ಮುಖ, ವಯಸ್ಸು, ಸ್ವಭಾವ ಕೂಡ ಬದಲಾಗುತ್ತದೆ, ಆದರೆ ಹಿಂದಿನದೆಲ್ಲ ನೆನಪಿರುತ್ತದೆ. ಆ ಒಂದು ಉಪಾಯದ ಬಲದಲ್ಲಿ ಕಥೆ ಈ ಶತಮಾನಕ್ಕೂ ದಾಟಿ ಬಂತು, ಡಾಕ್ಟರ್ ಹೆಣ್ಣೂ ಆದ. ಅಲ್ಲೂ ಗಾಬರಿಯಲ್ಲಿ ಹುಟ್ಟಿದ ಯೋಚನೆಯೇ. ಆದರೆ ಒಮ್ಮೆ ಹೇಳಿದ ಮೇಲೆ ಆ ಮಾತಿಗೆ ಕಟ್ಟುಬಿದ್ದು ನಡೆದರು. ನೆನಪನ್ನು ಮುಟ್ಟಲಿಲ್ಲ. ನಮ್ಮಮ್ಮ ಬಿಬಿಸಿಯಲ್ಲಿ ಕೆಲಸಕ್ಕಿದ್ದಿದ್ದರೆ ಇದನ್ನೇ ಹೇಳುತ್ತಿದ್ದಳು.

ಈಗ ಪುಟ್ಟಕ್ಕನ ಮನೆಗೆ ಬರೋಣ. ಇಲ್ಲಿ ನನಗೆ ಸಿಟ್ಟು ಹೆಚ್ಚು, ಯಾಕೆಂದರೆ ಪ್ರೀತಿಯೂ ಹೆಚ್ಚು.

‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಬಂದಾಗ ಕಿರುತೆರೆಗೆ ಅಪರೂಪದ ಒಂದು ಪಾತ್ರ ಸಿಕ್ಕಿತು. ಮೂರೂ ಹೆಣ್ಣೇ ಹುಟ್ಟಿದವೆಂದು ಗಂಡ ಬಿಟ್ಟುಹೋದ ಹೆಂಗಸು, ಮೆಸ್ಸು ನಡೆಸಿ ಮೂವರನ್ನೂ ಬೆಳೆಸುತ್ತಾಳೆ. ಉಮಾಶ್ರೀ ಆ ಪಾತ್ರಕ್ಕೆ ಕೊಟ್ಟದ್ದನ್ನು ಬರೆದು ತೋರಿಸುವುದು ಕಷ್ಟ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ನಟಿ, ಮಂತ್ರಿಯಾಗಿದ್ದವರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟು ಹಿಡಿದು ನಿಂತರೆ ಎಲ್ಲ ಮರೆತುಹೋಗುತ್ತದೆ. ನಡುವಿನ ಮಗಳು ಸ್ನೇಹಾ, ಸಂಜನಾ ಬುರ್ಲಿ ಮಾಡಿದ್ದು. ಓದಿ ದೊಡ್ಡ ಅಧಿಕಾರಿಯಾಗಬೇಕೆಂಬ ಹಟದ ಹುಡುಗಿ, ಅನ್ಯಾಯ ಕಂಡಲ್ಲಿ ಬಾಯಿ ಮುಚ್ಚದವಳು. ಬಡ್ಡಿ ಬಂಗಾರಮ್ಮನನ್ನು ಕಂಡರೆ ಉರಿದುಬೀಳುವ ಅವಳು, ಬಂಗಾರಮ್ಮನ ಮಗ ಕಂಠಿಯನ್ನೇ ಅವನು ಯಾರೆಂದು ತಿಳಿಯದೆ ಪ್ರೀತಿಸುತ್ತಾಳೆ. ಗುಟ್ಟು ಮುಚ್ಚಿಡುವ ಎಳೆ ಹಳತೇ. ಆದರೆ ಇಲ್ಲಿ ಅದಕ್ಕೆ ಅರ್ಥವಿತ್ತು, ಗುಟ್ಟು ರಟ್ಟಾದರೆ ಒಡೆಯುವುದು ಮದುವೆ ಮಾತ್ರವಲ್ಲ, ಆ ಹುಡುಗಿ ನಂಬಿದ ಸರಿ ತಪ್ಪಿನ ಲೆಕ್ಕವೇ.

2024ರ ಕೊನೆಯ ಹೊತ್ತಿಗೆ ಸಂಜನಾ ಧಾರಾವಾಹಿ ಬಿಟ್ಟರು. ಕಥೆಯಲ್ಲಿ ಸ್ನೇಹಾಗೆ ಅಪಘಾತವಾಯಿತು, ಸತ್ತಳು. ಅಷ್ಟಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಜೋಡಿಸಿದರು. ಆ ಹುಡುಗಿಯ ಹೆಸರೂ ಸ್ನೇಹಾ. ಮುಖ ಬೇರೆ, ಹೃದಯ ಅದೇ, ಹೆಸರೂ ಅದೇ.

ಅಂಗಾಂಗ ದಾನದ ವಿಷಯ ಮನೆಮನೆಗೆ ತಲುಪಿತಲ್ಲ ಎಂದು ಒಬ್ಬ ಗೆಳೆಯ ವಾದಿಸಿದ. ತಲುಪಿತು, ನಿಜ. ಅದರ ಪುಣ್ಯ ಧಾರಾವಾಹಿಗೆ ಸಲ್ಲಲಿ. ಆದರೆ ಕರ್ನಾಟಕದ ಜನ ಅಂಗದಾನವನ್ನು ಕಲಿತದ್ದು ಬೇರೆ ಕಡೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಅದಾದ ಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅಪ್ಪು ಎಂದರೆ ಪ್ರಾಣ ಬಿಡುವ ಅಭಿಮಾನಿಗಳ ರಾಜ್ಯ ಇದು. ಹಾಗಿದ್ದೂ ಆ ನಾಲ್ವರ ಮನೆ ಹುಡುಕಿಕೊಂಡು ಹೋಗಿ ಯಾರೂ ಅವರನ್ನು ಅಪ್ಪು ಎಂದು ಕರೆಯಲಿಲ್ಲ. ಕೊಟ್ಟವರ ಮನೆಯವರಿಗೆ ಪಡೆದವರು ಯಾರೆಂದು ತಿಳಿಸದಿರುವುದು ಆಸ್ಪತ್ರೆಗಳ ರೂಢಿ. ಆ ರೂಢಿ ಯಾಕೆ ಎಂದು ತಿಳಿಯಲು ಈ ಧಾರಾವಾಹಿಯ ಟ್ರ್ಯಾಕ್ ನೋಡಿದರೆ ಸಾಕು: ಪಡೆದವಳು ಬದುಕು ಸಿಕ್ಕಿತೆಂದು ಹಿಗ್ಗುವ ಹಾಗಿಲ್ಲ, ಸತ್ತವಳ ತಾಯಿಗೆ ಮಗಳೂ ಆಗಬೇಕು, ಗಂಡನಿಗೆ ಹೆಂಡತಿಯ ನೆನಪೂ ಆಗಬೇಕು. ಎದೆಯೊಳಗಿನ ಪಂಪಿನ ಮೇಲೆ ಇಷ್ಟು ಭಾರ ಹೊರಿಸುವುದೇ?

ಪಾಪ, ಎರಡನೇ ಸ್ನೇಹಾಗೆ ಅನ್ಯಾಯವಾದದ್ದು ಇಲ್ಲಿ. ಅವಳು ಅವಳೇ ಆಗಿ ಬಂದಿದ್ದರೆ, ಮೆಸ್ಸಿಗೆ ಕೆಲಸ ಕೇಳಿಕೊಂಡು ಬಂದ ಹುಡುಗಿಯಾಗಿ, ಪುಟ್ಟಕ್ಕ ಅವಳನ್ನು ಒಪ್ಪಿಕೊಳ್ಳಲು ಆರು ತಿಂಗಳು ತೆಗೆದುಕೊಂಡಿದ್ದರೆ, ಆ ಆರು ತಿಂಗಳೂ ನಾನು ಟೀವಿ ಮುಂದೆ ಇರುತ್ತಿದ್ದೆ. ಮಗಳನ್ನು ಕಳೆದುಕೊಂಡ ತಾಯಿ ಬೇರೆಯವರ ಮಗಳಿಗೆ ಮೊದಲ ಸಲ ಅನ್ನ ಬಡಿಸುವ ದೃಶ್ಯವನ್ನು ಉಮಾಶ್ರೀ ಹೇಗೆ ಮಾಡುತ್ತಿದ್ದರು ಎಂದು ಊಹಿಸಿ. ಸೌಟು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಆ ಒಂದು ಗಳಿಗೆಯ ಬದಲು ನಮಗೆ ಸಿಕ್ಕಿದ್ದು ಆಪರೇಷನ್ ಥಿಯೇಟರಿನ ಕೆಂಪು ದೀಪ.

ಸಾವಿನ ಮೇಲೆ ನನಗೆ ಸಿಟ್ಟಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಈಟಿವಿ ಕನ್ನಡದಲ್ಲಿ ಗಿರೀಶ ಕಾಸರವಳ್ಳಿ ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದ್ದರು. ನಂಜಮ್ಮನಾಗಿ ಮಾಳವಿಕಾ. ಶಾನುಭೋಗಿಕೆಯ ಲೆಕ್ಕ ಗಂಡ ಚೆನ್ನಿಗರಾಯನ ಕೈಲಾಗದು, ಇವಳೇ ರೂಲು ಹಾಕಿ ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಪ್ಲೇಗು ಮಕ್ಕಳನ್ನು ಒಯ್ಯುತ್ತದೆ, ಕೊನೆಗೆ ಅವಳನ್ನೂ. ಕಾದಂಬರಿ ಓದಿದ್ದವರಿಗೆ ಅವಳು ಸಾಯುತ್ತಾಳೆಂದು ಮೊದಲೇ ಗೊತ್ತು. ಆದರೂ ಅವಳು ಉಸಿರಾಡುತ್ತಿದ್ದಷ್ಟು ದಿನ ಯಾರಿಗೂ ಅವಳ ಸಾವಿನ ಸುಳಿವು ಕಾಲ್‌ಶೀಟ್‌ನಿಂದ ಬರಲಿಲ್ಲ. ಸ್ನೇಹಾಳ ಸಾವು ನಮಗೆ ತಿಳಿದದ್ದು ಹೇಗೆ? ‘ನಟಿ ಹೊರಬಂದರಂತೆ’ ಎಂಬ ಸುದ್ದಿ ಮೊಬೈಲಿನಲ್ಲಿ ಮೊದಲು ಬಂತು. ಆಮೇಲೆ ನಾವು ದಿನಾ ಕೂತು, ಯಾವ ಲಾರಿ, ಯಾವ ತಿರುವು ಎಂದು ಕಾಯತೊಡಗಿದೆವು. ಪಾತ್ರ ರಸ್ತೆ ದಾಟುವಾಗೆಲ್ಲ ಅಮ್ಮ, “ಇವತ್ತೇ ಇರ್ಬೇಕು,” ಎನ್ನುತ್ತಿದ್ದಳು. ಇದು ಕಥೆ ನೋಡುವ ರೀತಿಯೇ?

ಕಥೆ ಅದೇ, ಮುಖ ಬೇರೆ ಎನ್ನುವುದರ ತಿರುಗುಮುರುಗೂ ಒಂದಿದೆ, ಅದು ನನಗೆ ಬಲು ಇಷ್ಟ. ಟಿ.ಎನ್. ಸೀತಾರಾಂ ತಮ್ಮ ‘ಮುಕ್ತ’ದಲ್ಲಿ ವಕೀಲ ಸಿ.ಎಸ್.ಪಿ. ಆಗಿ ಬಂದರು, ಎಷ್ಟೋ ವರ್ಷಗಳ ಮೇಲೆ ‘ಮಗಳು ಜಾನಕಿ’ಯಲ್ಲೂ ಸಿ.ಎಸ್.ಪಿ. ಆಗಿಯೇ ಬಂದರು. ಕಥೆ ಬೇರೆ, ಸಂಸಾರ ಬೇರೆ, ಮನುಷ್ಯ ಮಾತ್ರ ಅದೇ ಕಪ್ಪು ಕೋಟು, ಅದೇ ತಗ್ಗಿದ ದನಿ. ನಮ್ಮ ಮನೆಯಲ್ಲಿ ಯಾರೂ ಇದೇನು ಎಂದು ಕೇಳಲಿಲ್ಲ. ‘ಸಿ.ಎಸ್.ಪಿ. ಈಗ ಈ ಕೇಸು ಹಿಡಿದಿದ್ದಾರೆ’ ಎಂದುಕೊಂಡು ಕೂತೆವು. ಪಾತ್ರವನ್ನು ಗಟ್ಟಿಯಾಗಿ ಬರೆದರೆ ಅದು ಒಂದು ಧಾರಾವಾಹಿಯ ಬೇಲಿ ಹಾರಿ ಇನ್ನೊಂದಕ್ಕೂ ಹೋಗಿ ಮೇಯಬಲ್ಲದು.

ಕೆಲವು ವರ್ಷಗಳಿಂದ ಅಮ್ಮ ನನ್ನ ಜೊತೆ ಹುಬ್ಬಳ್ಳಿಯಲ್ಲಿದ್ದಾಳೆ. ಪಕ್ಕದ ಮನೆಯ ಕಾಕು ಸಂಜೆ ಬಂದು ಕೂರುತ್ತಾರೆ. ಅವರಿಗೆ ಹಿಂದಿ ಧಾರಾವಾಹಿಗಳೂ ಬೇಕು. 2025ರ ಜುಲೈ 29ರಂದು ‘ಕ್ಯೂಂಕಿ’ ಮತ್ತೆ ಶುರುವಾಯಿತಲ್ಲ, ಅದರ ಪ್ರೋಮೊ ಬಂದ ದಿನದಿಂದ ಕಾಕುವಿಗೆ ಒಂದೇ ಕಾತರ, ಯಾವ ಮಿಹಿರ್ ಬರುತ್ತಾನೆ ಎಂದು. ಮೂವರಲ್ಲಿ ಬಂದದ್ದು ಮೊದಲಿನವರು, ಅಮರ್ ಉಪಾಧ್ಯಾಯ. ತೆರೆಯ ಮೇಲೆ ಅವರ ಮುಖ ಕಂಡಾಗ ಕಾಕು ಎರಡೂ ಕೈ ತಟ್ಟಿದರು.

“ನೋಡ್ರಿ ಅಕ್ಕಾರ, ಬಂದ ನೋಡ್ರಿ! ಇಂವನ ಖರೇ ಮಿಹಿರ್. ನಡುವ ಬಂದಾವ್ರೆಲ್ಲಾ ಬಾಡಿಗಿ ಮಂದಿ.”

ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದಳು.

“ಇವನು ಮುದುಕ ಆಗಿದ್ದಾನಲ್ಲ.”

“ಆಗ್ಲಿ ಬಿಡ್ರಿ,” ಎಂದರು ಕಾಕು. “ಇಪ್ಪತ್ತೈದು ವರ್ಷ ಆತು. ನಾವೇನ ಹಂಗ ಅದೀವೇನು?”

ಅಮ್ಮ ನಕ್ಕಳು. ಬೆರಳು ನಿಲ್ಲಲಿಲ್ಲ, ಮಾಲೆ ಮುಂದೆ ಹೋಯಿತು.